ಆಲ್ಟರ್ನೇಟರ್ ಬ್ರಾಕೆಟ್ ಕೂರಿಸುವಾಗ ಕಣ್ಣು ಬೆಲ್ಟ್ ಮೇಲಿರಲಿ

ಹಳೆಯ ರೋಟರಿ ಎಂಜಿನ್ (ಪಿಸ್ಟನ್ ಬದಲು ತ್ರಿಕೋನದ ರೋಟರ್ ತಿರುಗುವ ಎಂಜಿನ್) ಕಾರಿಗೆ ದೊಡ್ಡ ಆಲ್ಟರ್ನೇಟರ್, ಅಂದರೆ ಬ್ಯಾಟರಿ ಚಾರ್ಜ್ ಮಾಡುವ ಯಂತ್ರ, ಹಾಕಲು ಹೊರಟವರಿಗೆ ಮೊದಲು ಅಡ್ಡ ಬರುವುದು ಅದನ್ನು ಎಂಜಿನ್ನಿಗೆ ಹಿಡಿದಿಡುವ ಬ್ರಾಕೆಟ್. ಕಂಪನಿಯ ಬ್ರಾಕೆಟ್‌ಗೆ ಹೊಸ ಆಲ್ಟರ್ನೇಟರ್‌ನ ಕಿವಿ (ಬೋಲ್ಟ್ ಹಾಕುವ ಚಾಚು) ಹೊಂದುವುದಿಲ್ಲ, ಹಾಗಾಗಿ ಹೊರಗಿನವರು ತಯಾರಿಸಿದ ಬ್ರಾಕೆಟ್ ತರಬೇಕಾಗುತ್ತದೆ. ನಾಲ್ಕು ಬೋಲ್ಟು ಬಿಚ್ಚಿ ನಾಲ್ಕು ಬೋಲ್ಟು ಹಾಕುವ ಅರ್ಧ ದಿನದ ಕೆಲಸದಂತೆ ಇದು ಕಾಣುತ್ತದೆ. ನಿಜಕ್ಕೂ ಅಷ್ಟೇ ಕೆಲಸ. ಆದರೆ ಮಜ್ದಾದ 12ಎ, 13ಬಿ ಎಂಜಿನ್‌ಗಳಲ್ಲಿ ಆಲ್ಟರ್ನೇಟರ್ ತಿರುಗಿಸುವ ಬೆಲ್ಟೇ ವಾಟರ್ ಪಂಪನ್ನೂ ತಿರುಗಿಸುತ್ತದೆ. ಬ್ರಾಕೆಟ್ ಒಂದಿಷ್ಟು ಸೊಟ್ಟಗಾದರೆ ಬ್ಯಾಟರಿ ಚಾರ್ಜ್ ಆಗದಿರುವುದು ಸಣ್ಣ ನಷ್ಟ. ಬೆಲ್ಟ್ ಕಳಚಿ ನೀರಿನ ಓಟ ನಿಂತರೆ ಹೋಗುವುದು ಎಂಜಿನ್ನೇ.

ಪಿಸ್ಟನ್ ಎಂಜಿನ್ ಕೂಡ ಬಿಸಿಯೇರಿದರೆ ಕೆಡುತ್ತದೆ, ನಿಜ. ಅಲ್ಲಿ ಸಾಮಾನ್ಯವಾಗಿ ಹೋಗುವುದು ಹೆಡ್ ಗ್ಯಾಸ್ಕೆಟ್. ರೋಟರಿಯದು ಬೇರೆ ಕಟ್ಟಡ. ಬೀಡುಕಬ್ಬಿಣದ ತಟ್ಟೆ, ಅಲ್ಯೂಮಿನಿಯಂ ಹೌಸಿಂಗ್, ಮತ್ತೆ ಬೀಡು, ಮತ್ತೆ ಅಲ್ಯೂಮಿನಿಯಂ, ಕೊನೆಗೆ ಬೀಡು. ಹೀಗೆ ಐದು ಪದರಗಳನ್ನು ಒಂದರ ಮೇಲೊಂದು ಇಟ್ಟು ಉದ್ದನೆಯ ಟೆನ್ಷನ್ ಬೋಲ್ಟ್‌ಗಳಿಂದ ಬಿಗಿದಿರುತ್ತಾರೆ. ನೀರು ಒಳಗಿನ ಕೋಣೆಗೆ ಸೋರದಂತೆ ಪದರಗಳ ನಡುವೆ ರಬ್ಬರ್ ಸೀಲ್‌ಗಳಿವೆ. ಬಿಸಿಗೆ ಅಲ್ಯೂಮಿನಿಯಂ ಬೀಡಿಗಿಂತ ಹೆಚ್ಚು ಹಿಗ್ಗುತ್ತದೆ. ಮಿತಿ ಮೀರಿ ಕಾದರೆ ಹೌಸಿಂಗ್ ಸೊಟ್ಟಗಾಗಿ ಸೀಲ್ ಚಪ್ಪಟೆಯಾಗುತ್ತದೆ, ಕೂಲೆಂಟ್ ಒಳಗೆ ಇಳಿಯುತ್ತದೆ. ಆಮೇಲೆ ಸರಿಪಡಿಸಬೇಕೆಂದರೆ ಎಂಜಿನ್ ಇಳಿಸಿ ಪದರ ಪದರ ಬಿಚ್ಚುವುದೊಂದೇ ದಾರಿ.

ದೊಡ್ಡ ಆಲ್ಟರ್ನೇಟರ್ ನಿಜಕ್ಕೂ ಬೇಕೇ?

ಲೆಕ್ಕ ಹಾಕಿ ನೋಡಿ. ಎಲೆಕ್ಟ್ರಿಕ್ ರೇಡಿಯೇಟರ್ ಫ್ಯಾನ್ 20ರಿಂದ 25 ಆಂಪಿಯರ್ ಎಳೆಯುತ್ತದೆ. ಎಲೆಕ್ಟ್ರಿಕ್ ಪೆಟ್ರೋಲ್ ಪಂಪ್ 6ರಿಂದ 8. ಎರಡು 55 ವ್ಯಾಟ್ ಹೆಡ್‌ಲೈಟ್ ಸೇರಿ 8. ಪ್ರತಿ ರೋಟರ್‌ಗೆ ಲೀಡಿಂಗ್, ಟ್ರೇಲಿಂಗ್ ಎಂದು ಎರಡೆರಡು ಸ್ಪಾರ್ಕ್ ಪ್ಲಗ್ ಇರುವುದರಿಂದ ಇಗ್ನಿಷನ್ನಿಗೂ ಇನ್ನಷ್ಟು. ವೈಪರ್, ಬ್ಲೋವರ್ ಸೇರಿದರೆ 50 ದಾಟಿತು. ಎಪ್ಪತ್ತರ ದಶಕದ ಆಲ್ಟರ್ನೇಟರ್ ಐಡ್ಲಿಂಗ್‌ನಲ್ಲಿ ಇದರ ಅರ್ಧವನ್ನೂ ಕೊಡಲಾರದು. ಆದರೆ ಎಂಜಿನ್ನೇ ತಿರುಗಿಸುವ ಹಳೆಯ ಫ್ಯಾನನ್ನೇ ಉಳಿಸಿಕೊಂಡು, ಬರೀ ರೇಡಿಯೋ ಹಾಕಿಸಿದ ಕಾರಿಗೆ ಇದ್ಯಾವುದೂ ಬೇಡ. ಹಳೆಯ ಆಲ್ಟರ್ನೇಟರ್‌ಗೆ ಹೊಸ ಬ್ರಷ್, ಬೇರಿಂಗ್ ಹಾಕಿಸಿದರೆ ಸಾಕು.

ಇನ್ನೊಂದು ಲೆಕ್ಕವನ್ನು ಹೆಚ್ಚಿನವರು ಹಾಕುವುದೇ ಇಲ್ಲ. 100 ಆಂಪಿಯರ್, 14 ವೋಲ್ಟ್ ಎಂದರೆ 1400 ವ್ಯಾಟ್. ಆಲ್ಟರ್ನೇಟರ್‌ನ ದಕ್ಷತೆ ನೂರಕ್ಕೆ ಅರವತ್ತರ ಆಸುಪಾಸು. ಅಂದರೆ ಎಂಜಿನ್ನಿನಿಂದ ಅದು ಎಳೆಯುವುದು ಸುಮಾರು 2.3 ಕಿಲೋವ್ಯಾಟ್, ಮೂರು ಅಶ್ವಶಕ್ತಿಗೂ ಮೇಲೆ. ಇಷ್ಟೂ ದಾಟಬೇಕಾದದ್ದು ಮೊದಲಿನ ಅದೇ ಒಂಟಿ ವಿ-ಬೆಲ್ಟ್ ಮೂಲಕ. ಕೆಲವು ಎಂಜಿನ್‌ಗಳಲ್ಲಿ ಏರ್ ಪಂಪಿನ ಬೆಲ್ಟ್ ಕೂಡ ವಾಟರ್ ಪಂಪ್ ಪುಲ್ಲಿಯನ್ನು ಬಳಸಿ ಹೋಗುತ್ತದೆ. ಅಂಥ ಕಾರಿನಲ್ಲಿ ಏರ್ ಪಂಪ್ ಕಿತ್ತುಹಾಕಿದ್ದರೆ ಆ ಎರಡನೆಯ ಆಸರೆಯೂ ಇಲ್ಲ. ಬ್ರಾಕೆಟ್ ನೆಟ್ಟಗಿರಲೇಬೇಕು ಎನ್ನುವುದು ಇದಕ್ಕೇ.

ಕೊಳ್ಳುವಾಗ ಏನು ನೋಡಬೇಕು

ಉಕ್ಕಿನ ತಗಡಿನದಾದರೆ ದಪ್ಪ 6 ಮಿ.ಮೀ.ಗಿಂತ ಕಡಿಮೆ ಬೇಡ. ಅಲ್ಯೂಮಿನಿಯಂ ಆದರೆ 10ರಿಂದ 12. ಎಲ್ ಆಕಾರಕ್ಕೆ ಬಗ್ಗಿಸಿದ ಮೂಲೆಗೆ ಅಡ್ಡ ಪಟ್ಟಿಯ ಆಸರೆ ಇದೆಯೇ ನೋಡಿ. ಅದಿಲ್ಲದ ಬ್ರಾಕೆಟ್ ಬೆಲ್ಟ್ ಬಿಗಿದಾಗ ಬಗ್ಗುತ್ತದೆ, ಬಿಟ್ಟಾಗ ವಾಪಸಾಗುತ್ತದೆ. ಸಾವಿರಾರು ಸಲ ಹೀಗಾದ ಮೇಲೆ ಆ ಮೂಲೆಯಲ್ಲೇ ಬಿರುಕು ಕಾಣಿಸಿಕೊಳ್ಳುತ್ತದೆ. ಬೋಲ್ಟಿನ ತೂತುಗಳು ಉದ್ದನೆಯ ಸೀಳಿನಂತಿದ್ದರೆ 'ಎಲ್ಲ ಕಾರಿಗೂ ಹೊಂದುತ್ತದೆ' ಎಂದು ಮಾರುವವರು ಹೇಳುತ್ತಾರೆ. ಎಂಜಿನ್ನಿಗೆ ಕೂರುವ ತೂತುಗಳು ದುಂಡಗೇ ಇರಬೇಕು. ಸೀಳು ಇರಬೇಕಾದದ್ದು ಬೆಲ್ಟ್ ಬಿಗಿಸುವ ತೋಳಿನಲ್ಲಿ ಮಾತ್ರ.

ಜೊತೆಗೆ ಬಂದ ಬೋಲ್ಟುಗಳನ್ನು ನಂಬಿ ಕೂರಬೇಡಿ. ಜಪಾನಿನ ಕಾರುಗಳಲ್ಲಿ 10 ಮಿ.ಮೀ. ಬೋಲ್ಟಿನ ಚೂಡಿ (ಮೈಮೇಲಿನ ಸುರುಳಿ ಗೆರೆ) ಹೆಚ್ಚಾಗಿ 1.25 ಪಿಚ್, ಅಂದರೆ ಗೆರೆಯಿಂದ ಗೆರೆಗೆ 1.25 ಮಿ.ಮೀ. ಅಂಗಡಿಯಲ್ಲಿ ಸುಲಭವಾಗಿ ಸಿಗುವುದು 1.5. ಎರಡು ಸುತ್ತು ಸಲೀಸಾಗಿ ಹೋಗಿ ಮೂರನೆಯದಕ್ಕೆ ಬಿಗಿಯಾಗುತ್ತದೆ. ಆಗ ಸ್ಪ್ಯಾನರ್ ಹಾಕಿ ತಿರುಗಿಸಿದರೆ ಅಲ್ಯೂಮಿನಿಯಂ ಚೂಡಿ ಪೂರ್ತಿ ಎದ್ದು ಬರುತ್ತದೆ. ಬೋಲ್ಟ್ ಕೈಬೆರಳಿನಲ್ಲೇ ಕೊನೆಯವರೆಗೆ ಹೋಗಬೇಕು. ಹೋಗದಿದ್ದರೆ ಅದು ಆ ತೂತಿನ ಬೋಲ್ಟ್ ಅಲ್ಲ.

ಕೆಲಸಕ್ಕೆ ಬೇಕಾದವು: ಟಾರ್ಕ್ ರೆಂಚ್ (ಬಿಗಿತ ಅಳೆದು ತಿರುಗಿಸುವ ಸ್ಪ್ಯಾನರ್), ಫೀಲರ್ ಗೇಜ್ (ಸಂದಿ ಅಳೆಯುವ ತೆಳು ಉಕ್ಕಿನ ಎಲೆಗಳು), ಅರ್ಧ ಮೀಟರಿನ ನೇರವಾದ ಉಕ್ಕಿನ ಪಟ್ಟಿ, ಮಲ್ಟಿಮೀಟರ್, 0.25ರಿಂದ 1 ಮಿ.ಮೀ.ವರೆಗಿನ ಶಿಮ್ ವಾಷರ್‌ಗಳು (ಸಂದಿ ತುಂಬುವ ತೆಳು ಬಿಲ್ಲೆಗಳು), ಉಪ್ಪುಕಾಗದ, ಒಂದು ತುಂಡು ದಾರ.

ಬಿಚ್ಚುವುದು

ಬ್ಯಾಟರಿಯ ನೆಗೆಟಿವ್ ಮೊದಲು ತೆಗೆಯಿರಿ. ಆಲ್ಟರ್ನೇಟರ್ ಹಿಂದಿನ ದಪ್ಪ ವೈರಿನಲ್ಲಿ ಕೀ ಆಫ್ ಇದ್ದರೂ ಕರೆಂಟ್ ಇರುತ್ತದೆ. ಸ್ಪ್ಯಾನರ್ ಒಂದು ಬದಿ ಅದಕ್ಕೆ, ಇನ್ನೊಂದು ಬದಿ ಕಾರಿನ ಮೈಗೆ ತಾಗಿದರೆ ಕಿಡಿಯಲ್ಲ, ಬೆಸುಗೆಯೇ ಆಗುತ್ತದೆ. ವೈರುಗಳಿಗೆ ಗುರುತಿನ ಚೀಟಿ ಅಂಟಿಸಿ, ಹಳೆಯ ಬೆಲ್ಟ್ ಸಾಗುತ್ತಿದ್ದ ದಾರಿಯ ಫೋಟೊ ತೆಗೆದುಕೊಂಡು ಬಿಚ್ಚಿ.

ಹಳೆಯ ಬ್ರಾಕೆಟ್ಟಿನ ಅಥವಾ ಬಿಗಿಸುವ ತೋಳಿನ ಒಂದು ಬೋಲ್ಟ್ ವಾಟರ್ ಪಂಪನ್ನೂ ಹಿಡಿದಿರಬಹುದು. ಅದನ್ನು ಸಡಿಲಿಸಿದರೆ ಹಳೆಯ ಗ್ಯಾಸ್ಕೆಟ್ ಅಲ್ಲಿ ತೊಟ್ಟಿಕ್ಕಲು ಶುರು ಮಾಡುತ್ತದೆ. ಕೂಲೆಂಟ್ ಇಳಿಸಿ, ಗ್ಯಾಸ್ಕೆಟ್ ಬದಲಿಸಿಯೇ ಮುಂದುವರಿಯುವುದು ಮೇಲು.

ಇಲ್ಲೊಂದು ಎಚ್ಚರಿಕೆ, ರೋಟರಿಗಷ್ಟೇ ಸಂಬಂಧಿಸಿದ್ದು. ಮುಂದಿನ ದೊಡ್ಡ ಪುಲ್ಲಿಯನ್ನೂ ಬದಲಿಸುವುದಾದರೆ ಅದನ್ನು ಹಬ್‌ಗೆ ಹಿಡಿದಿರುವ ಸುತ್ತಲಿನ ಚಿಕ್ಕ ಬೋಲ್ಟುಗಳನ್ನಷ್ಟೇ ಬಿಚ್ಚಿ. ನಟ್ಟನಡುವಿನ ದಪ್ಪ ಬೋಲ್ಟಿಗೆ ಕೈ ಹಚ್ಚಬೇಡಿ. ಅದು ಎಕ್ಸೆಂಟ್ರಿಕ್ ಶಾಫ್ಟಿನದು, ಅಂದರೆ ರೋಟರ್‌ಗಳು ತಿರುಗಿಸುವ ನಡು ದಂಡದ್ದು. ಅದು ಸಡಿಲವಾಗಿ ಶಾಫ್ಟ್ ಹಿಂದೆ ಸರಿದರೆ ಒಳಗಿರುವ ಥ್ರಸ್ಟ್ ಸೂಜಿ ಬೇರಿಂಗ್ ಜಾಗ ತಪ್ಪಿ ಕೂರುತ್ತದೆ. ಮತ್ತೆ ಬಿಗಿದಾಗ ಅದು ಅಲ್ಲೇ ಅಪ್ಪಚ್ಚಿ. ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ.

ಬೆಲ್ಟ್ ಹಾಕದೆ ಒಮ್ಮೆ ಕೂರಿಸಿ

ಎಂಜಿನ್ ಮೇಲಿನ ಬೋಲ್ಟಿನ ಗುಬ್ಬಿಗಳನ್ನು (ಬೋಲ್ಟಿನ ತೂತಿರುವ ಉಬ್ಬುಗಳನ್ನು), ಬ್ರಾಕೆಟ್ ತಾಗುವ ಮುಖಗಳನ್ನು ಉಜ್ಜಿ ಲೋಹ ಕಾಣುವಂತೆ ಮಾಡಿ. ಹೊಸ ಬ್ರಾಕೆಟ್ಟಿನ ಪೌಡರ್ ಕೋಟಿಂಗ್ ನೋಡಲು ಚೆಂದ, ಆದರೆ ಅದರಲ್ಲಿ ಕರೆಂಟ್ ಹರಿಯುವುದಿಲ್ಲ. ಆಲ್ಟರ್ನೇಟರ್‌ನ ಅರ್ತ್ ಹೋಗುವುದೇ ಅದರ ಮೈಯಿಂದ ಬ್ರಾಕೆಟ್ಟಿಗೆ, ಬ್ರಾಕೆಟ್ಟಿನಿಂದ ಎಂಜಿನ್ನಿಗೆ. ಎಲ್ಲ ಹೊಸದು ಹಾಕಿಯೂ ಚಾರ್ಜ್ ಆಗುತ್ತಿಲ್ಲ ಎನ್ನುವ ದೂರಿನ ಹಿಂದೆ ಎಷ್ಟೋ ಸಲ ಇರುವುದು ಈ ಬಣ್ಣವೇ. ಬೋಲ್ಟಿನ ತಲೆ ಕೂರುವ ಜಾಗ, ಕಿವಿ ತಾಗುವ ಜಾಗ, ಎಂಜಿನ್ ತಾಗುವ ಜಾಗ ಮೂರನ್ನೂ ಕೆರೆಯಿರಿ. ಉಳಿದ ಬಣ್ಣ ಇರಲಿ.

ಈಗ ಬ್ರಾಕೆಟ್ ಇಟ್ಟು ಬೋಲ್ಟುಗಳನ್ನು ಬೆರಳಿನಲ್ಲಷ್ಟೇ ತಿರುಗಿಸಿ. ಎಲ್ಲ ಗುಬ್ಬಿಗಳ ಮೇಲೂ ಅದು ತಾನಾಗಿ ಕೂತಿತೇ? ಒಂದು ಮೂಲೆ ಎದ್ದಿದ್ದರೆ ಬೋಲ್ಟ್ ಬಿಗಿದು ಎಳೆದು ಕೂರಿಸುವ ಆಸೆಯಾಗುತ್ತದೆ. ಬೇಡ. ಫೀಲರ್ ಗೇಜ್ ತೂರಿಸಿ ಸಂದಿ ಎಷ್ಟೆಂದು ಅಳೆಯಿರಿ. ಎರಡು ಬೋಲ್ಟುಗಳ ನಡುವೆ 60 ಮಿ.ಮೀ. ಇದೆ, ಒಂದರ ಕೆಳಗೆ ಅರ್ಧ ಮಿ.ಮೀ. ಸಂದಿ ಇದೆ ಎಂದುಕೊಳ್ಳಿ. ಬಿಗಿದಾಗ ಬ್ರಾಕೆಟ್ ಸುಮಾರು ಅರ್ಧ ಡಿಗ್ರಿ ವಾಲುತ್ತದೆ. ವಿ-ಬೆಲ್ಟ್ ಸಹಿಸುವ ಒಟ್ಟು ಸೊಟ್ಟವೇ ಹೆಚ್ಚುಕಡಿಮೆ ಅಷ್ಟು. ಹಳೆಯ ಗ್ಯಾಸ್ಕೆಟ್ಟಿನ ಒಂದು ಚೂರು, ಗಟ್ಟಿಯಾದ ಬಣ್ಣದ ಒಂದು ತೊಟ್ಟು ಸಾಕು, ಇಡೀ ವಿನಾಯಿತಿ ಮುಗಿದುಹೋಗಲು. ಸಂದಿ ಇರುವೆಡೆ ಶಿಮ್ ಕೊಡಿ ಅಥವಾ ಎದ್ದಿರುವ ಗುಬ್ಬಿಗೆ ಅರ ಹಾಕಿ.

ಬೋಲ್ಟ್ ಒಳಗೆ ಎಷ್ಟು ಹೋಗುತ್ತದೆ ಎನ್ನುವುದೂ ಮುಖ್ಯ. ಅಲ್ಯೂಮಿನಿಯಂನಲ್ಲಿ ಬೋಲ್ಟಿನ ದಪ್ಪದ ಒಂದೂವರೆ ಪಟ್ಟಾದರೂ ಚೂಡಿ ಹಿಡಿಯಬೇಕು, 8 ಮಿ.ಮೀ. ಬೋಲ್ಟಿಗೆ 12 ಮಿ.ಮೀ. ಹೊಸ ಬ್ರಾಕೆಟ್ ಹಳೆಯದಕ್ಕಿಂತ ದಪ್ಪವಿದ್ದರೆ ಹಳೆಯ ಬೋಲ್ಟ್ ಗಿಡ್ಡವಾಗುತ್ತದೆ. ಉದ್ದ ಹೆಚ್ಚಾದರೆ ತೂತಿನ ತಳಕ್ಕೆ ತಾಗಿ ನಿಲ್ಲುತ್ತದೆ. ಟಾರ್ಕ್ ರೆಂಚ್ 'ಟಕ್' ಎನ್ನುತ್ತದೆ, ಬ್ರಾಕೆಟ್ ಮಾತ್ರ ಸಡಿಲವಾಗಿಯೇ ಇರುತ್ತದೆ. ಒಂದು ಕಡ್ಡಿ ತೂರಿಸಿ ಆಳ ಅಳೆದುಬಿಡಿ. ಅಲ್ಯೂಮಿನಿಯಂ ತೂತಿನಲ್ಲಿ 8 ಮಿ.ಮೀ. ಬೋಲ್ಟಿಗೆ 20, 10 ಮಿ.ಮೀ.ಗೆ 40 ನ್ಯೂಟನ್ ಮೀಟರ್ ಸುಮಾರಾದ ಬಿಗಿತ. ಕಾರಿನ ಕೈಪಿಡಿಯಲ್ಲಿ ಬೇರೆ ಅಂಕಿ ಇದ್ದರೆ ಅದೇ ಕೊನೆಯ ಮಾತು.

ಕಿವಿ ಮುರಿಯುವುದು ಹೇಗೆ

ಆಲ್ಟರ್ನೇಟರ್‌ಗೆ ಮುಂದೊಂದು, ಹಿಂದೊಂದು ಕಿವಿ. ಎರಡರ ನಡುವೆ ಬ್ರಾಕೆಟ್ ಕೂರುತ್ತದೆ, ಉದ್ದನೆಯ ಬೋಲ್ಟ್ ಎಲ್ಲವನ್ನೂ ದಾಟಿ ಹೋಗುತ್ತದೆ. ಅನೇಕ ಆಲ್ಟರ್ನೇಟರ್‌ಗಳ ಹಿಂದಿನ ಕಿವಿಯಲ್ಲಿ ಒಂದು ಉಕ್ಕಿನ ಬುಷ್ (ಬೋಲ್ಟ್ ಹಾಯುವ ಚಿಕ್ಕ ಕೊಳವೆ) ಇರುತ್ತದೆ. ಅದು ಬಿಗಿಯಾಗಿ ಕೂತಿದ್ದರೂ ಸರಿಯುವಂಥದ್ದು; ಬೋಲ್ಟ್ ಬಿಗಿದಂತೆ ಅದು ಜರುಗಿ ಬಂದು ಸಂದಿ ಮುಚ್ಚುತ್ತದೆ. ತುಕ್ಕು ಹಿಡಿದು ಅಂಟಿಕೊಂಡಿದ್ದರೆ ಜರುಗುವುದಿಲ್ಲ, ಅದರ ಬದಲು ಕಿವಿಯೇ ಒಳಕ್ಕೆ ಬಗ್ಗುತ್ತದೆ. ಎರಕದ ಅಲ್ಯೂಮಿನಿಯಂಗೆ ಬಗ್ಗುವ ಅಭ್ಯಾಸವಿಲ್ಲ. ಅಂದೇ ಮುರಿಯದಿದ್ದರೂ ಬುಡದಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟು, ಒಂದು ದಿನ ಹೆದ್ದಾರಿಯಲ್ಲಿ ಕೈಕೊಡುತ್ತದೆ. ವೈಸ್‌ನಲ್ಲಿ ಸಾಕೆಟ್ ಒತ್ತಿ ಬುಷ್ಷನ್ನು ಮೊದಲೇ 2 ಮಿ.ಮೀ. ಹಿಂದಕ್ಕೆ ಸರಿಸಿಟ್ಟುಕೊಂಡರೆ ಆಲ್ಟರ್ನೇಟರ್ ಸಲೀಸಾಗಿ ಒಳಗೆ ಹೋಗುತ್ತದೆ. ಬುಷ್ ಇಲ್ಲದ ಮಾದರಿಯಾದರೆ ಬೋಲ್ಟ್ ಬಿಗಿಯುವ ಮೊದಲು ಉಳಿಯುವ ಸಂದಿಯನ್ನು ಅಳೆದು, ಅಷ್ಟೇ ದಪ್ಪದ ಶಿಮ್ ಹಾಕಿ. ಕಾಲು ಮಿ.ಮೀ.ಗಿಂತ ಹೆಚ್ಚಿನ ಸಂದಿಯನ್ನು ಬೋಲ್ಟಿನ ಬಲಕ್ಕೆ ಬಿಡಬೇಡಿ.

ಮೂರು ಪುಲ್ಲಿ, ಒಂದೇ ಸಾಲು

ಉಕ್ಕಿನ ಪಟ್ಟಿಯನ್ನು ಎಕ್ಸೆಂಟ್ರಿಕ್ ಶಾಫ್ಟ್ ಪುಲ್ಲಿಯ ಮುಖಕ್ಕೆ ಅಡ್ಡಲಾಗಿ ಹಿಡಿದು ಆಲ್ಟರ್ನೇಟರ್ ಪುಲ್ಲಿಯವರೆಗೆ ಚಾಚಿ. ಪುಲ್ಲಿಗಳ ತುಟಿಯ ದಪ್ಪ ಬೇರೆ ಬೇರೆ ಇದ್ದರೆ ಮುಖಗಳ ತಾಳೆಗೆ ಅರ್ಥವಿಲ್ಲ, ಬೆಲ್ಟ್ ಕೂರುವ ತೋಡಿನ ನಡುವಿನಿಂದ ನಡುವಿಗೆ ಅಳೆಯಬೇಕು. ಎರಡು ಪುಲ್ಲಿಗಳ ನಡುವಿನ ಪ್ರತಿ 100 ಮಿ.ಮೀ. ದೂರಕ್ಕೆ 1 ಮಿ.ಮೀ. ವ್ಯತ್ಯಾಸ ಎಂದರೆ ವಿ-ಬೆಲ್ಟಿನ ಕೊನೆಯ ಮಿತಿ. ಅದರ ಅರ್ಧದೊಳಗೆ ತಂದು ನಿಲ್ಲಿಸಿ. ಹಲವು ಗೆರೆಗಳ ರಿಬ್ ಬೆಲ್ಟ್ ಇನ್ನೂ ಕಟ್ಟುನಿಟ್ಟು.

ತಪ್ಪು ಎರಡು ಬಗೆಯದು. ಪುಲ್ಲಿ ಇಡಿಯಾಗಿ ಹಿಂದೆ ಮುಂದೆ ಇದ್ದರೆ ಕಿವಿ ಮತ್ತು ಬ್ರಾಕೆಟ್ ನಡುವೆ ಶಿಮ್ ಬದಲಿಸಿದರೆ ಮುಗಿಯಿತು. ವಾಲಿದ್ದರೆ, ಅಂದರೆ ಪಟ್ಟಿ ಪುಲ್ಲಿಯ ಒಂದೇ ಅಂಚಿಗೆ ತಾಗುತ್ತಿದ್ದರೆ, ಶಿಮ್ ಬೀಳಬೇಕಾದದ್ದು ಬ್ರಾಕೆಟ್ ಮತ್ತು ಎಂಜಿನ್ ನಡುವೆ. ಎರಡನೆಯದನ್ನು ಮೊದಲನೆಯದೆಂದು ತಿಳಿದು ಶಿಮ್ ಸೇರಿಸುತ್ತ ಹೋದರೆ ಒಂದು ಬದಿಯಲ್ಲಿ ಸರಿಯಾದದ್ದು ಇನ್ನೊಂದು ಬದಿಯಲ್ಲಿ ಕೆಡುತ್ತದೆ. ಆದ್ದರಿಂದ ಪಟ್ಟಿಯನ್ನು ಪುಲ್ಲಿಯ ಮೇಲಂಚಿಗೂ ಕೆಳಂಚಿಗೂ ಹಿಡಿದು ನೋಡಿ.

ಹೊಸ ಆಲ್ಟರ್ನೇಟರ್ ರಿಬ್ ಪುಲ್ಲಿ ಹೊತ್ತು ಬಂದಿದ್ದರೆ ವಿ-ಪುಲ್ಲಿಗೆ ಬದಲಿಸಬೇಕು. ಶಾಫ್ಟ್ 15 ಮಿ.ಮೀ.ನದೋ 17ರದೋ ಅಳೆದು ಕೊಳ್ಳಿ. ಪುಲ್ಲಿಯ ಅಳತೆಯಲ್ಲಿ ರೋಟರಿಯ ಸ್ವಭಾವವನ್ನು ಮರೆಯುವಂತಿಲ್ಲ. ಮುಂದಿನ ಪುಲ್ಲಿ 130, ಆಲ್ಟರ್ನೇಟರಿನದು 65 ಮಿ.ಮೀ. ಇದ್ದರೆ ಎಂಜಿನ್ನಿನ ಎರಡರಷ್ಟು ವೇಗ. ನಿಮಿಷಕ್ಕೆ 7000 ಸುತ್ತಿನಲ್ಲಿ ಆಲ್ಟರ್ನೇಟರ್ 14000 ತಿರುಗುತ್ತದೆ, 8500ಕ್ಕೆ 17000. ಅನೇಕ ಆಲ್ಟರ್ನೇಟರ್‌ಗಳ ತಾಳಿಕೆ 18000ದ ಆಸುಪಾಸಿಗೆ ಮುಗಿಯುತ್ತದೆ. ಐಡ್ಲಿಂಗ್‌ನಲ್ಲಿ ಹೆಚ್ಚು ಚಾರ್ಜ್ ಸಿಗಲೆಂದು ಇನ್ನೂ ಚಿಕ್ಕ ಪುಲ್ಲಿ ಹಾಕುವವರು, ಎಂಜಿನ್ ಎಷ್ಟು ಏರಿಸುತ್ತೇವೆ ಎಂದು ಕೇಳಿಕೊಳ್ಳಬೇಕು.

ಇನ್ನು ಬೆಲ್ಟ್ ಎಷ್ಟು ಸುತ್ತು ಹಿಡಿದಿದೆ ಎನ್ನುವುದು. ಹೊಸ ಬ್ರಾಕೆಟ್ ಆಲ್ಟರ್ನೇಟರನ್ನು ಮೇಲಕ್ಕೋ ಹೊರಕ್ಕೋ ಸರಿಸಿದಾಗ ವಾಟರ್ ಪಂಪ್ ಪುಲ್ಲಿಯನ್ನು ಬೆಲ್ಟ್ ತಬ್ಬುವ ಭಾಗ ಕಡಿಮೆಯಾಗಬಹುದು. ದಾರವನ್ನು ಬೆಲ್ಟಿನ ದಾರಿಯಲ್ಲಿ ಸುತ್ತಿ ನೋಡಿ. ಹಳೆಯ ಫೋಟೊದಲ್ಲಿ ಇದ್ದದ್ದಕ್ಕಿಂತ ಕಣ್ಣಿಗೆ ಕಾಣುವಷ್ಟು ಕಡಿಮೆಯಾಗಿದ್ದರೆ ಆ ಬ್ರಾಕೆಟ್ ವಾಪಸ್ ಮಾಡಿ. ಬಿಗಿ ಹೆಚ್ಚಿಸಿ ಸರಿದೂಗಿಸಲು ಹೋದರೆ ಪಂಪಿನ ಬೇರಿಂಗ್ ಹೋಗುತ್ತದೆ.

ಬೆಲ್ಟ್

ಅದೇ ದಾರದಿಂದ ಉದ್ದ ಅಳೆಯಿರಿ, ಆಲ್ಟರ್ನೇಟರ್ ತೋಳಿನ ಸೀಳಿನ ಮೊದಲ ಮೂರನೇ ಒಂದು ಭಾಗದಲ್ಲಿ ಇರುವಾಗ. ಬೆಲ್ಟ್ ಹಿಗ್ಗಿದಂತೆ ಬಿಗಿಸಲು ಉಳಿದ ಜಾಗ ಬೇಕಾಗುತ್ತದೆ. ಬೆಲ್ಟಿನ ಮೇಲಿನ ಅಂಕಿ ಹೊರಸುತ್ತಿನದೋ ಒಳಸುತ್ತಿನದೋ ವಿಚಾರಿಸಿ. ಬೆಲ್ಟ್ ಪುಲ್ಲಿಯ ಅಂಚಿಗೆ ಸಮನಾಗಿ ಅಥವಾ ಕೂದಲಷ್ಟು ಮೇಲೆ ಕೂರಬೇಕು. ತೋಡಿನ ತಳ ಕನ್ನಡಿಯಂತೆ ಹೊಳೆಯುತ್ತಿದ್ದರೆ ಬೆಲ್ಟ್ ತಳ ಮುಟ್ಟುತ್ತಿದೆ ಎಂದರ್ಥ. ಎಷ್ಟು ಬಿಗಿದರೂ ಅದು ಜಾರುತ್ತದೆ, ಹಿಡಿತವಿರುವುದು ಪಕ್ಕದ ಗೋಡೆಗಳಲ್ಲಿ.

ಬಿಗಿಸಲು ಸಲಾಕೆ ಹಾಕುವುದಾದರೆ ಆಲ್ಟರ್ನೇಟರ್‌ನ ಮುಂದಿನ ಗಟ್ಟಿ ಎರಕಕ್ಕೆ ಮಾತ್ರ. ಹಿಂದಿನ ತೆಳು ಕವಚಕ್ಕೆ ಹಾಕಿದರೆ ಒಳಗಿನ ಡಯೋಡ್ ಪಟ್ಟಿ ಒಡೆಯುತ್ತದೆ. ಉದ್ದನೆಯ ಹರವಿನ ನಡುವೆ ಹತ್ತು ಕಿಲೋದಷ್ಟು ಒತ್ತಿದಾಗ ಬೆಲ್ಟ್ ಸುಮಾರು 10 ಮಿ.ಮೀ. ತಗ್ಗಿದರೆ ಸರಿ. ಮೊದಲು ತೋಳಿನ ಬೋಲ್ಟ್ ಬಿಗಿದು, ಕೊನೆಗೆ ಕಿವಿಯ ಉದ್ದ ಬೋಲ್ಟ್ ಬಿಗಿಯಿರಿ, ಆಮೇಲೆ ಉಕ್ಕಿನ ಪಟ್ಟಿಯನ್ನು ಮತ್ತೊಮ್ಮೆ ಹಿಡಿದು ನೋಡಿ. ಬಿಗಿದ ಬೆಲ್ಟಿನ ಎಳೆತಕ್ಕೆ ಬ್ರಾಕೆಟ್ ವಾಲುತ್ತದೆಯೇ ಎನ್ನುವುದು ಗೊತ್ತಾಗುವುದು ಈಗಲೇ.

ಎಂಜಿನ್ ತನ್ನ ರಬ್ಬರ್ ಮೌಂಟ್‌ಗಳ ಮೇಲೆ ಓಲಾಡುತ್ತದೆ. ಹೋಸ್, ವೈರು, ಬಾನೆಟ್ ಎಲ್ಲದರಿಂದ 12ರಿಂದ 15 ಮಿ.ಮೀ. ಅಂತರ ಇರಲಿ. ಆಲ್ಟರ್ನೇಟರ್ ತಲೆಯ ಮೇಲೆ ಮೆತ್ತನೆಯ ಆಟದ ಜೇಡಿ ಇಟ್ಟು ಬಾನೆಟ್ ಮುಚ್ಚಿ ತೆರೆದರೆ ಉಳಿದ ದಪ್ಪವೇ ಅಂತರ.

ವೈರು, ಮತ್ತು ಆ ಕೆಂಪು ದೀಪ

ಹಳೆಯ ಚಾರ್ಜಿಂಗ್ ವೈರು ಹೊಸ ಆಲ್ಟರ್ನೇಟರ್‌ನ ಕರೆಂಟ್ ಹೊರಲಾರದು. 80 ಆಂಪಿಯರ್‌ವರೆಗೆ 16 ಚದರ ಮಿ.ಮೀ., ನೂರರ ಆಸುಪಾಸಿಗೆ 25 ಚದರ ಮಿ.ಮೀ. ತಾಮ್ರದ ವೈರನ್ನು ನೇರ ಬ್ಯಾಟರಿಗೆ ಎಳೆದು, ಬ್ಯಾಟರಿಯ ಹತ್ತಿರ ಫ್ಯೂಸ್ ಹಾಕಿ. ಡ್ಯಾಶ್‌ಬೋರ್ಡಿನಲ್ಲಿ ಆಮೀಟರ್ ಇದ್ದು ಪೂರ್ತಿ ಕರೆಂಟ್ ಅದರ ಮೂಲಕವೇ ಹಾದುಹೋಗುವಂತಿದ್ದರೆ ಆ ದಾರಿಯನ್ನು ತಪ್ಪಿಸಿ. ಎಂಜಿನ್ನಿನಿಂದ ಕಾರಿನ ಮೈಗೆ ಹೋಗುವ ಅರ್ತ್ ಪಟ್ಟಿಯನ್ನೂ ಇದೇ ದಪ್ಪಕ್ಕೆ ಏರಿಸಿ.

ಹೊರಗಿನ ರೆಗ್ಯುಲೇಟರ್ (ವೋಲ್ಟೇಜನ್ನು ಹಿಡಿತದಲ್ಲಿಡುವ ಭಾಗ) ಇದ್ದ ಕಾರಿಗೆ ಒಳಗೇ ರೆಗ್ಯುಲೇಟರ್ ಇರುವ ಆಲ್ಟರ್ನೇಟರ್ ಹಾಕಿದಾಗ ಹಳೆಯ ರೆಗ್ಯುಲೇಟರನ್ನು ಕಳಚಬೇಕು. ಜಪಾನಿನ ಆಲ್ಟರ್ನೇಟರ್‌ಗಳಲ್ಲಿ ಸಾಮಾನ್ಯವಾಗಿ 'ಎಸ್' ಎಂಬ ಪಿನ್ ಬ್ಯಾಟರಿಯ ವೋಲ್ಟೇಜ್ ಓದಲು, 'ಎಲ್' ಎಂಬುದು ಚಾರ್ಜ್ ದೀಪಕ್ಕೆ. ಕೀ ತಿರುಗಿಸಿದಾಗ ದೀಪದ ಮೂಲಕ ಬರುವ ಪುಟ್ಟ ಕರೆಂಟೇ ಆಲ್ಟರ್ನೇಟರನ್ನು ಎಬ್ಬಿಸುತ್ತದೆ. ಆ ಜಾಗಕ್ಕೆ ಎಲ್‌ಇಡಿ ಹಾಕಿದರೆ ಅಷ್ಟು ಕರೆಂಟ್ ಹರಿಯದೆ ಅದು ಏಳದೇ ಇರಬಹುದು. 50 ಓಮ್, 5 ವ್ಯಾಟಿನ ರೆಸಿಸ್ಟರನ್ನು ಪಕ್ಕದಲ್ಲಿ ಸೇರಿಸಿದರೆ ಸರಿಹೋಗುತ್ತದೆ. ಕೀ ತೆಗೆದರೂ ಎಂಜಿನ್ ಓಡುತ್ತಲೇ ಇದೆಯೇ? 'ಎಲ್' ವೈರಿನಿಂದ ಕರೆಂಟ್ ಹಿಂದಕ್ಕೆ ಹರಿದು ಇಗ್ನಿಷನ್ನಿಗೆ ಸೇರುತ್ತಿದೆ. ಆ ವೈರಿನಲ್ಲಿ ಒಂದು ಡಯೋಡ್ ಇಡಿ, ಕರೆಂಟ್ ಆಲ್ಟರ್ನೇಟರ್ ಕಡೆಗಷ್ಟೇ ಹೋಗುವಂತೆ.

ಆ ದೀಪ ಬೇಡವೆಂದು ಕಿತ್ತು ಬರೀ ರೆಸಿಸ್ಟರ್ ಇಡುವವರಿದ್ದಾರೆ. ಈ ಕಾರಿನಲ್ಲಿ ಅದು ದೊಡ್ಡ ತಪ್ಪು. ಪಂಪ್ ನಿಂತಾಗ ಬಿಸಿನೀರು ಹರಿಯದೆ ಟೆಂಪರೇಚರ್ ಸೂಜಿ ತಡವಾಗಿ ಏರುತ್ತದೆ. ಬೆಲ್ಟ್ ಕಳಚಿದ ಕ್ಷಣವೇ ಹೊತ್ತಿಕೊಳ್ಳುವುದು ಚಾರ್ಜ್ ದೀಪ. ಅದು ಹೊತ್ತಿತೆಂದರೆ ಬ್ಯಾಟರಿಯಲ್ಲಿ ಇನ್ನೆಷ್ಟು ದೂರ ಹೋಗಬಹುದು ಎಂಬ ಲೆಕ್ಕ ಬೇಡ, ಪಕ್ಕಕ್ಕೆ ನಿಲ್ಲಿಸಿ ಎಂಜಿನ್ ಆರಿಸಿ.

ಸ್ಟಾರ್ಟ್ ಮಾಡಿದ ಮೇಲೆ

ಸ್ಟಾರ್ಟರ್ ಮುಟ್ಟುವ ಮೊದಲು ಎಂಜಿನ್ನನ್ನು ಕೈಯಲ್ಲೇ ಎರಡು ಸುತ್ತು ತಿರುಗಿಸಿ, ಎದುರಿನಿಂದ ನೋಡಿದರೆ ಗಡಿಯಾರದ ದಿಕ್ಕಿಗೆ. ಆಮೇಲೆ ಸ್ಟಾರ್ಟ್ ಮಾಡಿ 2000 ಸುತ್ತಿನಲ್ಲಿ ಬ್ಯಾಟರಿಯ ಮೇಲೆ ಅಳೆದರೆ 13.8ರಿಂದ 14.5 ವೋಲ್ಟ್ ತೋರಿಸಬೇಕು. ಹೆಡ್‌ಲೈಟ್, ಫ್ಯಾನ್ ಎಲ್ಲ ಹಾಕಿ, ಮೀಟರಿನ ಒಂದು ಕಡ್ಡಿ ಆಲ್ಟರ್ನೇಟರ್‌ನ ದಪ್ಪ ಟರ್ಮಿನಲ್ಲಿಗೆ, ಇನ್ನೊಂದು ಬ್ಯಾಟರಿಯ ಪಾಸಿಟಿವ್‌ಗೆ ಇಡಿ. 0.3 ವೋಲ್ಟಿಗಿಂತ ಹೆಚ್ಚು ಕಂಡರೆ ವೈರಿನಲ್ಲೋ ಜೋಡಣೆಯಲ್ಲೋ ನಷ್ಟವಾಗುತ್ತಿದೆ. ಆಲ್ಟರ್ನೇಟರ್ ಮೈಗೂ ಬ್ಯಾಟರಿ ನೆಗೆಟಿವ್‌ಗೂ ಇಟ್ಟು ನೋಡಿದರೆ 0.2 ದಾಟಬಾರದು, ದಾಟಿದರೆ ಬ್ರಾಕೆಟ್ಟಿನ ಬಣ್ಣ ಇನ್ನೂ ಎಲ್ಲೋ ಉಳಿದಿದೆ.

ಶಬ್ದಕ್ಕೂ ಅರ್ಥವಿದೆ. ಆಕ್ಸಿಲರೇಟರ್ ಒತ್ತಿದಾಗ ಅಥವಾ ಹೆಡ್‌ಲೈಟ್ ಹಾಕಿದಾಗ ಉದ್ದಕ್ಕೆ ಕಿರುಚಿದರೆ ಬೆಲ್ಟ್ ಸಡಿಲ. ಐಡ್ಲಿಂಗ್‌ನಲ್ಲಿ ಹಕ್ಕಿಯಂತೆ ಚಿಲಿಪಿಲಿ ಎಂದರೆ ಪುಲ್ಲಿಗಳ ಸಾಲು ತಪ್ಪಿದೆ. ಬೆಲ್ಟಿನ ಮೇಲೆ ನಾಲ್ಕು ಹನಿ ನೀರು ಚಿಮುಕಿಸಿ: ಚಿಲಿಪಿಲಿ ಒಂದು ಗಳಿಗೆ ನಿಂತು ಮರಳುತ್ತದೆ, ಸಡಿಲದ ಕಿರುಚಾಟ ಜೋರಾಗುತ್ತದೆ. ಬ್ರಾಕೆಟ್ ಸುತ್ತ ಕಪ್ಪು ರಬ್ಬರ್ ಪುಡಿ ಬಿದ್ದಿದ್ದರೆ ಶಬ್ದವಿಲ್ಲದಿದ್ದರೂ ಸಾಲು ತಪ್ಪಿದೆ.

ಹೊಸ ಬೆಲ್ಟ್ ಮೊದಲ ಹತ್ತು ನಿಮಿಷದಲ್ಲೇ ತೋಡಿನೊಳಗೆ ಕೂತು ಸಡಿಲವಾಗುತ್ತದೆ. ತಣಿಯಲು ಬಿಟ್ಟು ಮತ್ತೆ ಬಿಗಿಯಿರಿ, ನೂರು ಕಿ.ಮೀ. ಓಡಿದ ಮೇಲೆ ಇನ್ನೊಮ್ಮೆ ನೋಡಿ. ಪ್ರತಿ ಬೋಲ್ಟಿನ ತಲೆಯಿಂದ ಬ್ರಾಕೆಟ್ಟಿಗೆ ಬಿಳಿ ಬಣ್ಣದಲ್ಲಿ ಒಂದು ಗೆರೆ ಎಳೆದಿಟ್ಟರೆ, ಬೋಲ್ಟ್ ತಿರುಗಿದ್ದರೆ ಗೆರೆ ಮುರಿದಿರುತ್ತದೆ. ಬಾನೆಟ್ ಎತ್ತಿದಾಗಲೆಲ್ಲ ಒಂದು ನೋಟ ಸಾಕು. ಕೈಪಿಡಿಯಲ್ಲಿರುವ ಬೆಲ್ಟಿನ ಅಳತೆ ಇನ್ನು ಮುಂದೆ ಈ ಕಾರಿಗೆ ಹೊಂದುವುದಿಲ್ಲ. ಹೊಸ ಅಳತೆಯನ್ನು ಬಾನೆಟ್ಟಿನ ಒಳಮೈಯಲ್ಲಿ ಬರೆದಿಡಿ, ಅದೇ ಅಳತೆಯ ಇನ್ನೊಂದು ಬೆಲ್ಟನ್ನೂ 12, 14ರ ಸ್ಪ್ಯಾನರನ್ನೂ ಡಿಕ್ಕಿಯಲ್ಲಿಡಿ.